ಏರಿದ ಮೇಲೆ ಇಳಿಯದ ಹಲ್ಲಿನ ಕುರ್ಚಿ ಮತ್ತು ತಮ್ಮ ಸೀಲು

ತ್ರಿಕಾಲ ರಬ್ಬರ್ ವರ್ಕ್ಸ್‌ನ ಮಾಲೀಕರಿಗೆ, ಹರಿಹರ

ಮಾನ್ಯರೇ,

ತುಂಗಭದ್ರೆಯ ದಡದಲ್ಲಿ ಕುಳಿತು ನಾಡಿನ ಸಕಲ ಸೋರಿಕೆಗಳನ್ನೂ ತಡೆಯುವ ಪಣ ತೊಟ್ಟಿರುವ ತಮಗೆ, ದಾವಣಗೆರೆಯ ಪಿ.ಜೆ. ಬಡಾವಣೆಯ ದಂತವೈದ್ಯೆ ಸುನೀತಾಳ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿ, ನನ್ನ ಕುರ್ಚಿಯ ಕ್ಷೇಮವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ರೋಗಿಗಳು ಕೂರುವ ಕುರ್ಚಿ ಹೈಡ್ರಾಲಿಕ್. ಪೆಡಲ್ ತುಳಿದರೆ ಸಿಲಿಂಡರಿಗೆ ಎಣ್ಣೆ ನುಗ್ಗಿ ಪಿಸ್ಟನ್ನನ್ನು ಮೇಲೆತ್ತುತ್ತದೆ; ಎಣ್ಣೆ ನುಸುಳದಂತೆ ಪಿಸ್ಟನ್ನಿನ ಸುತ್ತ ರಬ್ಬರ್ ಸೀಲು ಕಾಯುತ್ತದೆ. ಈ ತೊಂಬತ್ತೆಂಟರ ಬೇಸಿಗೆಯಲ್ಲಿ ಹಳೆಯ ಸೀಲು ಸವೆದು, ಬಾಯಿ ತೆರೆದ ರೋಗಿಗಳು ಮೆಲ್ಲಗೆ ನೆಲದತ್ತ ಇಳಿಯತೊಡಗಿ, ನಾನೂ ಅವರ ಜೊತೆಗೇ ಮಂಡಿಯೂರಬೇಕಾಗಿ ಬಂದಾಗ, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವ ನನ್ನ ಯಜಮಾನರು ಅಂಜನಕುಮಾರ್ ಅಂಗಡಿಯಿಂದ ತಮ್ಮ ತ್ರಿಕಾಲ ಸೀಲು ತಂದು ಸ್ವತಃ ಕೂರಿಸಿದರು. ಪೊಟ್ಟಣದ ಮೇಲೆ 'ಎಲ್ಲ ಎಣ್ಣೆಗೂ, ಎಲ್ಲ ಯಂತ್ರಕ್ಕೂ' ಎಂದಿತ್ತು. ಇಷ್ಟು ಉದಾರ ಮನಸ್ಸಿನ ರಬ್ಬರನ್ನು ಅನುಮಾನಿಸುವುದು ಹೇಗೆ?

ಕೆಲವು ದಿನ ಕುರ್ಚಿ ತಾನಾಗಿ ಕುಸಿಯದೆ ಸರಿಯಾಗಿತ್ತು. ಆಮೇಲೆ ಲೋಕಿಕೆರೆಯ ಉಚ್ಚಂಗಮ್ಮನವರು ಬಂದರು. ದವಡೆ ಹಲ್ಲಿನ ನೋವಿಗೆ ರೊಟ್ಟಿ ಬಿಟ್ಟು ಗಂಜಿಯಲ್ಲೇ ದಿನ ದೂಡುತ್ತಿದ್ದರೂ, ಇಕ್ಕಳದ ಹೆದರಿಕೆಗೆ ಹಿಂದೆ ನನ್ನ ಬಾಗಿಲಿಂದಲೇ ಓಡಿಹೋಗಿದ್ದ ಹಿರಿಯರು ಅವರು. ಹೇಗೋ ಕೂರಿಸಿದೆ. ಪೆಡಲ್ ಬಿಗಿಯಾಗಿತ್ತು, ಬಲವಾಗಿ ತುಳಿದೆ. ಕುರ್ಚಿ ತುತ್ತತುದಿಗೆ ಏರಿ, ಅಲ್ಲೇ ಬೀಡುಬಿಟ್ಟಿತು.

"ಇಳಿಸ್ರಿ ಡಾಕ್ಟ್ರಮ್ಮ, ನಂಗೆ ಹಲ್ ಕೀಳ್ಸಾದು ಬ್ಯಾಡ," ಎಂದರು. ಕುರ್ಚಿ ಇಳಿಯುತ್ತಿಲ್ಲವೆಂದು ಹೇಳಿದೆ. ಅವರು ಕೆಳಗೆ ನೋಡಿದರು, ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು, ಆಮೇಲೆ ನಕ್ಕೇಬಿಟ್ಟರು: "ಓಡಿ ಹೋಗಾಕ ದಾರಿನೇ ಇಲ್ಲ ಅಂದ್ಮ್ಯಾಲೆ ಹೆದ್ರಿಕಿ ಯಾಕ? ಕಿತ್ತಾಕ್ರಿ ಅತ್ಲಾಗೆ!" ನಾನು ಸ್ಟೂಲ್ ಹತ್ತಿ ಕಿತ್ತೆ. ಆಮೇಲೆ ಮೇಜು ಜೋಡಿಸಿ, ಕೈಹಿಡಿದು ಅವರನ್ನು ಇಳಿಸಿದೆ.

ಸಂಜೆ ಬಿಚ್ಚಿದಾಗ ತಮ್ಮ ಸೀಲು ನೆನೆಹಾಕಿದ ಕಡಲೆಯಂತೆ ಉಬ್ಬಿ ಸಿಲಿಂಡರನ್ನು ಅಪ್ಪಿಕೊಂಡಿತ್ತು. ಊಟಕ್ಕೆ ಕುಳಿತಾಗ ಯಜಮಾನರಿಂದ ನನಗೆ ಪಾಠವಾಯಿತು. ಅಲುಗದ ಜಾಗಕ್ಕೆ ದುಂಡನೆಯ ಓ-ರಿಂಗ್, ಜಾರುವ ಪಿಸ್ಟನ್ನಿಗೆ ತುಟಿಯಿರುವ ಯು-ಕಪ್, ಹೊರಗಿನ ಧೂಳು ಒರೆಸಲು ವೈಪರ್. ನನ್ನ ಕುರ್ಚಿಯಲ್ಲಿರುವ ಖನಿಜ ಎಣ್ಣೆಗೆ ನೈಟ್ರೈಲ್ ರಬ್ಬರ್ ಆಗಿಬರುತ್ತದೆ, ಉಜ್ಜಾಟ ಹೆಚ್ಚಿದ್ದಲ್ಲಿ ಪಾಲಿಯುರೆಥೇನ್, ಬಿಸಿ ಹೆಚ್ಚಿದ್ದಲ್ಲಿ ವೈಟಾನ್. ತಾವು ದಯಪಾಲಿಸಿದ್ದ ಇಪಿಡಿಎಂ ಎಂಬ ರಬ್ಬರ್ ವಾಹನಗಳ ಬ್ರೇಕ್ ದ್ರವಕ್ಕೆ ಹೇಳಿಮಾಡಿಸಿದ್ದು, ಖನಿಜ ಎಣ್ಣೆ ಕುಡಿದರೆ ಊದಿಕೊಳ್ಳುತ್ತದೆ. "ಎಲ್ಲಾ ಕರ್ರಗೇ ಅದಾವೆ, ಪಾಠ ಹೇಳೋ ನಾನೇ ಪೊಟ್ಟಣ ಓದಿ ಮೋಸ ಹೋದೆ ನೋಡು," ಎಂದು ಯಜಮಾನರು ನಕ್ಕು, ಮರುದಿನ ನೈಟ್ರೈಲ್ ಸೀಲು ಹಾಕಿದರು. ಕುರ್ಚಿ ಈಗ ಹೇಳಿದಂತೆ ಕೇಳುತ್ತದೆ.

ಆದರೂ ತಮ್ಮ ಉಪಕಾರ ದೊಡ್ಡದು. ಈಗ ಕಟುಂ ಕಟುಂ ರೊಟ್ಟಿ ತಿನ್ನುತ್ತಿರುವ ಉಚ್ಚಂಗಮ್ಮನವರು ಊರೆಲ್ಲ ಸಾರಿದ್ದಾರೆ. "ಮ್ಯಾಲೆ ಕೂಡ್ರಿಸಿ ಕೀಳೋ ಡಾಕ್ಟ್ರು ನೀವೇ ಏನ್ರಿ?" ಎಂದು ಕೇಳಿಕೊಂಡು ಹೊಸ ರೋಗಿಗಳು ಬರುತ್ತಾರೆ, ಕುರ್ಚಿ ಸರಿಯಾಗಿದೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಆದುದರಿಂದ, ಎಣ್ಣೆಯ ಹೆಸರು, ಊರು ವಿಚಾರಿಸಿಕೊಂಡೇ ಒಳಗೆ ಇಳಿಯುವಂಥ ರಬ್ಬರನ್ನು ತಾವು ಕಂಡುಹಿಡಿಯಬೇಕಾಗಿ ಪ್ರಾರ್ಥನೆ. ಅದು ಆಗದಿದ್ದರೆ ಪ್ರತಿ ಪೊಟ್ಟಣದೊಂದಿಗೆ ಒಂದು ಏಣಿ. ಅದೂ ಆಗದಿದ್ದರೆ, ಯಾವ ಸೀಲು ಯಾವ ಎಣ್ಣೆಗೆಂದು ಒಂದೇ ಒಂದು ಸಾಲು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಡಾ. ಸುನೀತಾ

ತಾ.ಕ.: ನಿನ್ನೆ, ಸೀಲು ಮಾರಿದ ಅಂಗಡಿಯವರಿಂದ ಸುದ್ದಿ ತಿಳಿದು ಬಂದ ತಮ್ಮ ಪ್ರತಿನಿಧಿ ಬೊಮ್ಮಣ್ಣನವರು ಪರಿಹಾರವೆಂದು ಅದೇ ಸೀಲಿನ ಒಂದು ಡಬ್ಬಿ ಕೊಟ್ಟು, ಹೊರಡುವಾಗ ಕೆನ್ನೆ ಹಿಡಿದುಕೊಂಡು, "ಹಲ್ಲು ಭಾಳ ನೋಯ್ತೈತೆ, ಯಾವ್ದಾರ ಒಂದು ಮಾತ್ರೆ ಕೊಡ್ರಿ ಮೇಡಂ," ಎಂದರು. ಯಾವುದಾದರೊಂದನ್ನು ಕೊಡುವ ಅಭ್ಯಾಸ ನನಗಿಲ್ಲದ ಕಾರಣ, ಬಾಯಿ ತೆರೆಸಿ ನೋಡಿಯೇ ಕೊಟ್ಟೆ. ಈ ವಿದ್ಯೆಯನ್ನು ತಮ್ಮ ಕಾರ್ಖಾನೆಯವರಿಗೂ ಉಚಿತವಾಗಿ ಕಲಿಸಿಕೊಡಲು ಸಿದ್ಧಳಿದ್ದೇನೆ.