ನಾಲ್ಕು ಗೋಲು, ಒಂದು ಕೊಪ್ಪರಿಗೆ ದೋದೋಲ್

ಗೆಲ್ಲುವ ತಂಡವನ್ನು ಕಟ್ಟಿಕೊಂಡವನ ಕಷ್ಟ ಸೋಲುವ ತಂಡದವರಿಗೆ ತಿಳಿಯುವುದಿಲ್ಲ ಎಂಬುದು ಪರದೆ ಅಂಗಡಿಯ ಮಿಸ್ರಾನನ ಬಹುಕಾಲದ ಕೊರಗು. ಸೋಲುವವರಿಗೆ ಮಾತಿಗೇನು ಬರ? ಕೋಚ್ ಸರಿಯಿಲ್ಲ, ಮೈದಾನ ಸರಿಯಿಲ್ಲ, ರೆಫರಿಗೆ ಕಣ್ಣಿಲ್ಲ. ಒಂದು ಲೋಟ ಕಾಫಿಯಲ್ಲಿ ಇಡೀ ಬೆಳಗು ಕಳೆಯಬಹುದು. ಒಂಬತ್ತು ವರ್ಷದಿಂದ ಲೀಗ್ ಕಪ್ಪಿನ ಮೇಲೆ ಬೇರೆಯವರ ಬೆರಳಚ್ಚು ಬೀಳಲು ಬಿಡದ ಟೋಡಕ್ ತಂಡದ ಅಭಿಮಾನಿ ಏನು ಮಾತಾಡಬೇಕು? ಗೆಲ್ಲುತ್ತೇವೆ ಎಂದರೆ ಅಲ್ಲಿಗೆ ಮುಗಿಯಿತು. ಕಾಫಿ ಇನ್ನೂ ಆರಿರುವುದಿಲ್ಲ.

ಆದ್ದರಿಂದ ಮಲೇಷ್ಯಾದ ದಕ್ಷಿಣ ತುದಿಯ ಪಾರಿತ್ ಲಿಮಾವ್ ಎಂಬ ಆ ಊರಿನ ಗಂಡಸರು, ಬೆವರು ಸುರಿಯುವ ಬಿಸಿಲಿನಲ್ಲಿ ತಂಡದ ಬಣ್ಣದ ಉಣ್ಣೆಯ ಮಫ್ಲರ್ ಸುತ್ತಿಕೊಂಡು, ‘ಗೆಲ್ಲುತ್ತೇವೋ ಇಲ್ಲವೋ’ ಎಂಬುದನ್ನು ಬಿಟ್ಟು ‘ಎಷ್ಟು ಗೋಲಿನಿಂದ’ ಎಂಬುದನ್ನು ಹಿಡಿದುಕೊಂಡಿದ್ದರು. ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ಇನ್ನೂ ಒಂದು ವಾರವಿರುವಾಗಲೇ ಮಿಸ್ರಾನ್ ಕಾಫಿ ಅಂಗಡಿಯಲ್ಲಿ ತೀರ್ಪು ಕೊಟ್ಟುಬಿಟ್ಟ.

“ನಾಲ್ಕು-ಸೊನ್ನೆ. ಬರೆದಿಟ್ಕೊಳ್ಳಿ.”

ಬರೆದಿಟ್ಟುಕೊಳ್ಳದವರು ಒಬ್ಬರೇ, ವಾಕ್ ಪಾಯ್ಮಾನ್. ನೀರಿನ ಇಲಾಖೆಯಲ್ಲಿ ಮೂವತ್ತು ವರ್ಷ ಸೋರುವ ಕೊಳವೆಗಳನ್ನೇ ನೋಡಿ ನಿವೃತ್ತರಾದ ಹಿರಿಯರು; ‘ವಾಕ್’ ಎಂಬುದೂ ಆ ಹಿರಿತನದ ಗೌರವವೇ. ಜಗತ್ತಿನಲ್ಲಿ ಸೋರದ ವಸ್ತು ಒಂದಿದೆ ಎಂಬ ನಂಬಿಕೆ ಅವರಿಗೆ ಯಾವತ್ತೋ ಹೋಗಿತ್ತು.

“ಹೊಸ ಗೋಲ್‌ಕೀಪರನ್ನ ನೋಡಿದ್ಯೇನಪ್ಪ? ಅವನು ಚೆಂಡು ಹಿಡಿಯೋದು ಪಕ್ಕದ ಮನೆ ಬೆಕ್ಕು ಹಿಡಿದ ಹಾಗಿದೆ. ಬಂತು ಅಂತ ಕೈ ಚಾಚ್ತಾನೆ, ಅದು ಕಂಕುಳಲ್ಲಿ ನುಸುಳಿ ಹೋಗಿರುತ್ತೆ.”

“ಒಂಬತ್ತು ವರ್ಷದಿಂದ ಇದೇ ಹೇಳ್ತಿದ್ದೀರಿ ವಾಕ್.”

“ಒಂದು ವರ್ಷ ನಿಜ ಆಗುತ್ತೆ. ಆವತ್ತು ನನ್ನ ಹತ್ರ ಬಂದು ಅಳಬೇಡ.”

ಶಾಲೆ ಬಸ್ಸಿನ ಡ್ರೈವರ್ ಜಲೀಲ್ ಯಾವಾಗಲೂ ಮಿಸ್ರಾನನ ಪಕ್ಷ. (ಕಾಫಿಯನ್ನು ಮಿಸ್ರಾನ್ ಕೊಡಿಸಿದ ದಿನ ಸ್ವಲ್ಪ ಹೆಚ್ಚು ಪಕ್ಷ.) “ನಾಲ್ಕು ಕಮ್ಮಿ ಆಯ್ತು ಪಾಕ್,” ಎಂದ, ದೊಡ್ಡವರನ್ನು ಕರೆಯುವ ಗೌರವದಲ್ಲಿ. “ಎದುರಿನವರು ಹೋದ ವರ್ಷ ಕೆಳಗಿನ ಡಿವಿಷನ್ನಲ್ಲಿದ್ದೋರು. ಅವರ ಮೈದಾನದಲ್ಲಿ ಇನ್ನೂ ದೀಪದ ಕಂಬ ನಿಲ್ಲಿಸಿಲ್ಲ. ಅದಕ್ಕೇ ಶನಿವಾರ ಸಂಜೆ ಬೆಳಕಿರುವಾಗಲೇ, ನಾಲ್ಕೂಮುಕ್ಕಾಲಿಗೆ ಆಟ.”

ಶನಿವಾರ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಿಸ್ರಾನ್ ಬಾಯಿಗೆತ್ತಿದ ಲೋಟವನ್ನು ಕೆಳಗಿಟ್ಟ.

ಭಾನುವಾರ ಅವನ ಒಬ್ಬಳೇ ಮಗಳು ಸೂರಿಯ ಮದುವೆ. ಅದು ನೆನಪಿತ್ತು. ಭಾನುವಾರದ ಹಿಂದಿನ ದಿನ ಶನಿವಾರ ಎಂಬುದೂ ಗೊತ್ತಿತ್ತು. ಆ ಶನಿವಾರ ಅಂಗಳದಲ್ಲಿ ಕೊಪ್ಪರಿಗೆಯಿಟ್ಟು ದೋದೋಲ್ ಕಾಯಿಸಬೇಕು ಎಂಬುದು ಮಾತ್ರ ಮನಸ್ಸಿನ ಬೇರೆ ಗೂಡಿನಲ್ಲಿತ್ತು. ಈಗ ಎರಡು ಗೂಡೂ ಒಟ್ಟಿಗೆ ತೆರೆದುಕೊಂಡವು.

ದೋದೋಲ್ ಎಂದರೆ ತೆಂಗಿನ ಹಾಲು, ತೆಂಗಿನ ಬೆಲ್ಲ, ಅಂಟಕ್ಕಿ ಹಿಟ್ಟು. ಮೇಲೆ ಎಂಟು ಗಂಟೆಯ ತೋಳುನೋವು. ದೋಣಿಯ ಹುಟ್ಟಿನಂಥ ಮರದ ಸೌಟು ಹಿಡಿದು ಕೆದಕುತ್ತಲೇ ಇರಬೇಕು. ಮೊದಲ ಆರು ಗಂಟೆ ಅದು ಪಾಯಸದ ಹಾಗೆ ವಿಧೇಯವಾಗಿರುತ್ತದೆ. ಕೊನೆಯ ಎರಡು ಗಂಟೆ ಟಾರಿನ ಹಾಗೆ ಗಟ್ಟಿಯಾಗಿ ಸೌಟನ್ನೇ ಕಚ್ಚಿ ಹಿಡಿಯುತ್ತದೆ. ಆಗ ಒಂದು ನಿಮಿಷ ಕೈ ಬಿಟ್ಟರೆ ತಳ ಹಿಡಿಯಿತು. ಕೊಪ್ಪರಿಗೆಗೆ ಕೊಪ್ಪರಿಗೆಯೇ ಸೀದ ವಾಸನೆ. ಬೀಗಿತ್ತಿಯಾಗಲಿರುವ ಹಾಜಾ ರುಬಿಯಾ ಅವರ ಮೂಗಿಗೆ ಆ ವಾಸನೆ ಗೇಟಿನಿಂದಲೇ ಬಡಿಯುತ್ತದೆ ಎಂದು ಪ್ರತೀತಿ. ಯಾರದೋ ಮದುವೆಯಲ್ಲಿ ಆಕೆ ಒಂದು ತುಂಡು ಬಾಯಿಗಿಟ್ಟು, ಮಾತಾಡದೆ, ತಟ್ಟೆಯ ಅಂಚಿಗೆ ವಾಪಸ್ ಇಟ್ಟರಂತೆ. ಹದಿನೇಳು ವರ್ಷವಾಯಿತು. ಆ ಮನೆಯನ್ನು ಇಂದಿಗೂ ‘ತಟ್ಟೆ ಅಂಚಿನವರ ಮನೆ’ ಎಂದೇ ಗುರುತು ಹೇಳುತ್ತಾರೆ.

ಮಿಸ್ರಾನನ ಹೆಂಡತಿ ಕಮ್ಸಿಯಾಗೆ ಇದೆಲ್ಲ ಗೊತ್ತಿತ್ತು. ಪಂದ್ಯದ ಸಮಯವೂ ಗೊತ್ತಿತ್ತು. ಗಂಡನನ್ನು, ಅಲ್ಲಿಯ ಹೆಂಗಸರ ಹಾಗೆ, ‘ಅಬಾಂಗ್’ ಎಂದು ಕರೆದೇ ಶುರುಮಾಡಿದಳು.

“ಅಬಾಂಗ್, ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಬೇಕು. ಎರಡಕ್ಕೆ ದೋದೋಲ್ ಇಳಿಬೇಕು. ಆಮೇಲೆ ನೀವುಂಟು, ನಿಮ್ಮ ಚೆಂಡುಂಟು.”

“ಆರಕ್ಕೆ ಅಲ್ಲ, ಐದೂವರೆಗೇ ಹೊತ್ತಿಸ್ತೀನಿ ನೋಡು.”

“ಆರಕ್ಕೆ ಸಾಕು. ದೋದೋಲ್ ತಳ ಹಿಡಿಯದ ಹಾಗೆ ಇಳಿಸೋ ಜವಾಬ್ದಾರಿ?”

“ನನ್ನದು. ಒಂದು ತುಂಡು ಸೀದಿದ್ರೂ ನಾನು ಪರದೆ ಹೊಲಿಯೋದು ಬಿಟ್ಬಿಡ್ತೀನಿ.”

“ಪರದೆ ಹೊಲಿಯೋದು ನಾನು,” ಎಂದಳು ಕಮ್ಸಿಯಾ. “ನೀವು ಅಳತೆ ತಗೊಳ್ಳೋರು.”

ಮದುವೆಮನೆಗೆ ನೆರೆಯವರೇ ಬಂದು ಅಡುಗೆ ಮಾಡಿಕೊಡುವುದು ಅಲ್ಲಿಯ ವಾಡಿಕೆ. ದೋದೋಲ್ ಗಂಡಸರ ಪಾಲು. ಶನಿವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಆರು ಮಂದಿ ಬಂದರು, ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ತೆಂಗಿನಕಾಯಿ ತುರಿಯಲು ಕೂತರು. ಅಲ್ಲಿ ವಾಕ್ ಪಾಯ್ಮಾನ್, ಹೊಸ ಗೋಲ್‌ಕೀಪರ್ ಹೇಗೆ ನಿಲ್ಲುತ್ತಾನೆಂದು ತೋರಿಸಲು ಎದ್ದು ನಿಂತರು. ಅದು ಹಾಗಲ್ಲ ಎಂದು ತೋರಿಸಲು ಜಲೀಲ್ ಎದ್ದ. ಎದುರಾಳಿಗಳ ರಕ್ಷಣಾ ವ್ಯೂಹವನ್ನು ಮಿಸ್ರಾನ್ ನೆಲದ ಮೇಲೆ ಹನ್ನೊಂದು ಕಾಯಿಗಳಲ್ಲಿ ರಚಿಸಿದ. ಅವು ತುರಿಯಬೇಕಾಗಿದ್ದ ಕಾಯಿಗಳು. ವ್ಯೂಹವನ್ನು ಭೇದಿಸಲು ಇನ್ನೂ ಹನ್ನೊಂದು ಬೇಕಾಯಿತು. ಬುಟ್ಟಿ ಬರಿದಾಯಿತು, ಮಾತು ತುಂಬಿತು. ಕಾಯಿಗಳೆಲ್ಲ ಮೈದಾನ ಬಿಟ್ಟು ತುರಿಮಣೆಗೆ ಬಂದು, ಹಾಲು ಹಿಂಡಿ, ಒಲೆಗೆ ಬೆಂಕಿ ತಾಗಿದಾಗ ಹತ್ತೂವರೆ.

ಹತ್ತೂವರೆಗೆ ಎಂಟು ಕೂಡಿಸುವುದು ಮಿಸ್ರಾನನಂಥ ವ್ಯಾಪಾರಿಗೆ ಕಷ್ಟವಲ್ಲ. ಕೂಡಿಸಿದ. ಆರೂವರೆ. ಕೊಪ್ಪರಿಗೆ ಸೌಟು ಕಚ್ಚುವ ಹೊತ್ತಿಗೇ ಆಟ ಶುರು.

ನಾಲ್ಕೂವರೆಗೆ ಅವನು ಟಿವಿಯನ್ನು ಜಗಲಿಗೆ ತಂದಿಟ್ಟ. ಸೂರಿ ಇಂಟರ್‌ನೆಟ್ಟಿಗೆ ಜೋಡಿಸಿಕೊಟ್ಟ ಹೊಸ ಟಿವಿ. ಕುರ್ಚಿಗಳನ್ನು ಸಾಲಾಗಿ ಹಾಕಿದ. ಕಮ್ಸಿಯಾ ಸೆರಗಿನಂಥ ತಲೆವಸ್ತ್ರವನ್ನು ಬಿಗಿಮಾಡಿಕೊಂಡು ಬಂದು ನಿಂತಳು.

“ನೋಡೋರು ಯಾರು, ಕೆದಕೋರು ಯಾರು?”

“ಸರದಿ ಹಾಕ್ಕೊಂಡಿದ್ದೀವಿ. ಹತ್ತು ನಿಮಿಷಕ್ಕೆ ಇಬ್ಬರು...”

“ಸರದಿ ಬೇಡ. ಗೋಲು ಬಿದ್ರೆ ಸರದಿಯವನು ಸೌಟು ಬಿಟ್ಟು ಓಡ್ತಾನೆ. ನನ್ನ ತಮ್ಮನ ಮದುವೆಯಲ್ಲಿ ನೋಡಿದ್ದೀನಿ.” ಅವಳು ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. “ನಾಲ್ಕು-ಸೊನ್ನೆ ಅಂತ ಖಾತ್ರಿ ಇರೋರಿಗೆ ನೋಡೋಕೆ ಏನಿದೆ? ಅನುಮಾನ ಇರೋರು ನೋಡ್ಲಿ, ಪಾಪ, ಅವರಿಗೆ ಚಿಂತೆ. ಧೈರ್ಯ ಇರೋರು ಸೌಟು ಹಿಡೀಲಿ.”

ವಾಕ್ ಪಾಯ್ಮಾನ್ ನಡುವಿನ ಕುರ್ಚಿಯಲ್ಲಿ ಆರಾಮಾಗಿ ಕೂತರು. ಒಂಬತ್ತು ವರ್ಷದ ಅವರ ತಪಸ್ಸು ಫಲಿಸಿತ್ತು.

ಜಲೀಲ್ ಕೆಮ್ಮಿದ. “ಕಾಕ್, ಅಕ್ಕಾ, ನಾನು ಹೇಳಿರ್ಲಿಲ್ಲ ಅಷ್ಟೇ. ಮೂರು ದಿನದಿಂದ ನನಗೆ ನಿದ್ದೆ ಇಲ್ಲ. ನಮ್ಮ ಎಡಗಡೆ ಬ್ಯಾಕ್‌ಗೆ ವಯಸ್ಸಾಯ್ತು.”

“ಕೋಚ್‌ಗೂ ಆಯ್ತು,” ಎಂದ ಮತ್ತೊಬ್ಬ.

“ಈ ಸಲ ಗಂಡಾಂತರ ಇದೆ,” ಎಂದ ಇನ್ನೊಬ್ಬ. ಅವನ ತೋಳಿನ ಮೇಲೆ ಟೋಡಕ್ ತಂಡದ ಗುರುತು, ಒಂದು ಕತ್ತಿಮೀನು, ಹಚ್ಚೆಯಾಗಿ ಈಜುತ್ತಿತ್ತು. ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡು ಕುರ್ಚಿಗೆ ಹೋದ.

ಎರಡು ನಿಮಿಷದಲ್ಲಿ ಪಾರಿತ್ ಲಿಮಾವ್‌ನ ಸಮಸ್ತ ಅಭಿಮಾನಿ ಬಳಗ ನಿರಾಶಾವಾದವನ್ನು ಅಪ್ಪಿಕೊಂಡಿತ್ತು. ಅಂಗಳದಲ್ಲಿ ನಿಂತವನು ಮಿಸ್ರಾನ್ ಒಬ್ಬನೇ. ಒಂದು ಮಾತು, ‘ಗೋಲ್‌ಕೀಪರ್ ಅಷ್ಟಕ್ಕಷ್ಟೇ’ ಎಂಬ ಒಂದು ಮಾತು ಸಾಕಿತ್ತು. ಒಂದು ಕುರ್ಚಿಯೂ ಖಾಲಿಯಿತ್ತು. ಆದರೆ ತಲೆಯ ಮೇಲೆ, ಅಂಗಡಿಯಲ್ಲಿ ಮಿಕ್ಕ ನೀಲಿ ಪರದೆಬಟ್ಟೆಯಲ್ಲಿ ಮಾಡಿಸಿದ ತಂಡದ ಬಾವುಟ ಹಾರುತ್ತಿತ್ತು. ಅದರ ಅಳತೆ ಅವನೇ ತೆಗೆದುಕೊಂಡದ್ದು.

“ನಾನು ನಾಲ್ಕು ಅಂದಿದ್ದೀನಿ,” ಎಂದ. “ನಾಲ್ಕೇ.” ಸೌಟು ಹಿಡಿದ. ಇನ್ನೊಂದು ಸೌಟನ್ನು ಕಮ್ಸಿಯಾ ತಾನೇ ಹಿಡಿದಳು.

ಕೊಪ್ಪರಿಗೆಯ ಕಡೆಗೆ ಟಿವಿಯ ಬೆನ್ನಿತ್ತು. ಮಿಸ್ರಾನನಿಗೆ ಕಾಣುತ್ತಿದ್ದದ್ದು ಆರು ಮುಖಗಳು ಮಾತ್ರ. ಅವು ಒಟ್ಟಿಗೆ ಎಡಕ್ಕೆ ವಾಲುತ್ತಿದ್ದವು, ಒಟ್ಟಿಗೆ ಬಲಕ್ಕೆ ವಾಲುತ್ತಿದ್ದವು, ಬಾಯಿ ತೆರೆದು ಹಾಗೇ ಮುಚ್ಚುತ್ತಿದ್ದವು.

“ಮುಖ ನೋಡಬೇಡಿ, ತಳ ನೋಡಿ,” ಎಂದಳು ಕಮ್ಸಿಯಾ.

ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ಗರ್ಜನೆ ಕೇಳಿಸಿತು. ಅದು ಪಕ್ಕದ ಮನೆಯ ಬೂನ್ ಟೆಕ್ ಅಂಕಲ್, ಟೈರ್ ಅಂಗಡಿಯವರು. (ಅವರಿಗೆ ಯಾವ ತಂಡವೂ ತಮ್ಮದಲ್ಲ. ಬಲೆಯಿರುವ ಯಾವ ಆಟದಲ್ಲೂ ಅದು ಅಲುಗಾಡಿದರೆ ಸಾಕು, ಗರ್ಜಿಸುವರು.) ಅವರದು ಮಾಡಿನ ಮೇಲೆ ಆಂಟೆನಾ ಇರುವ ಹಳೇ ಟಿವಿ. ತಮ್ಮ ಟಿವಿಯ ಅಬ್ಬರದಲ್ಲಿ ಅದನ್ನು ಕೇಳದ ಜಗಲಿಯ ಆರು ಮುಖಗಳು ಮಾತ್ರ ಇನ್ನೂ ಸಪ್ಪಗೆ ಬಲಕ್ಕೆ ವಾಲುತ್ತಿದ್ದವು. ಮಿಸ್ರಾನ್ ಒಂದು ಸುತ್ತು ಕೆದಕಿದ. ಎರಡು, ಮೂರು, ಹತ್ತು. ಆಗ ಜಗಲಿ ಎದ್ದು ಕುಣಿಯಿತು.

ಅವನ ತಲೆಯಲ್ಲಿ ದೀಪ ಹತ್ತಿತು. ಸೂರಿಯ ಹೊಸ ಟಿವಿಗೆ ಸುದ್ದಿ ಬರುವುದು ಅಂಕಲ್‌ನ ಹಳೇ ಟಿವಿಗಿಂತ ಅರ್ಧ ನಿಮಿಷ ತಡ.

ಮುಂದಿನ ಗರ್ಜನೆ ಬೇಲಿ ದಾಟಿದ್ದೇ ತಡ, ಮಿಸ್ರಾನ್ ಕಣ್ಣು ಅರ್ಧ ಮುಚ್ಚಿ, ಹೊಗೆಯ ನಡುವೆ ಋಷಿಯಂತೆ ನಿಂತು, “ಈಗೊಂದು ಗೋಲು ಬರುತ್ತೆ,” ಎಂದ.

“ಸುಮ್ನಿರು, ಚೆಂಡು ಇನ್ನೂ ನಮ್ಮ ಗೋಲ್‌ಕೀಪರ್ ಹತ್ರ ಇದೆ,” ಎಂದರು ವಾಕ್. ಹತ್ತು ಸುತ್ತಿನಲ್ಲಿ ಗೋಲು ಬಂತು. ವಾಕ್ ಕನ್ನಡಕ ತೆಗೆದು ಒರೆಸಿಕೊಂಡರು.

ಮೂರನೆಯದನ್ನೂ ಹೇಳಿದ, ಮೂರನೆಯದೂ ಬಂತು. ಜಲೀಲ್ ಕುರ್ಚಿ ಬಿಟ್ಟು ಎದ್ದು ಬಂದ. “ಪಾಕ್, ಟಿವಿ ಬೆನ್ನು ನೋಡ್ಕೊಂಡು ನಿಮಗೆ ಹೇಗೆ ಗೊತ್ತಾಗುತ್ತೆ?”

“ನಂಬಿಕೆ ಇರೋನಿಗೆ ಕಣ್ಣು ಯಾಕೆ? ನಿನ್ನ ಕಾಕ್‌ಗೆ ಕೈನೋವು, ಆ ಸೌಟು ತಗೋ. ಕೊಪ್ಪರಿಗೆ ಹತ್ರ ನಿಂತ್ರೆ ನಿನಗೂ ಸ್ವಲ್ಪ ಬರಬಹುದು.”

ಜಲೀಲ್ ಭಕ್ತಿಯಿಂದ ತಗೊಂಡ. ಹಿಂದೆಯೇ ಹಚ್ಚೆಯವನೂ ಬಂದ. ಕಮ್ಸಿಯಾ ಬೇಲಿಯ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದಳು; ಆಮೇಲೆ ಬಾಳೆ ಎಲೆ ಒರೆಸಲು ಕೂತಳು. ದೋದೋಲ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮಗಳ ಮದುವೆ, ಮೂರು-ಸೊನ್ನೆ, ಶಿಷ್ಯರಿಬ್ಬರು. ಮಿಸ್ರಾನನ ಜೀವಮಾನದಲ್ಲಿ ಇಷ್ಟು ಸುಖ ಒಂದೇ ಸಲ ಬಂದದ್ದಿಲ್ಲ.

ಕೊನೆಯ ನಿಮಿಷಗಳು. ಇನ್ನೊಂದು ಬಂದರೆ ನಾಲ್ಕು. ಅವನ ಮಾತು ನಿಂತ ಹಾಗೆ.

ಬೇಲಿಯಾಚೆ ಗರ್ಜನೆ.

ಕೈಯಲ್ಲಿ ಇರುವುದು ಅರ್ಧ ನಿಮಿಷ. ಮೂರು ಗೋಲನ್ನು ಬರಿ ಕಿವಿಯಲ್ಲಿ ಕಂಡವನಿಗೆ, ನಾಲ್ಕನೆಯದನ್ನು, ತನ್ನ ಸ್ವಂತ ನಾಲ್ಕನೆಯದನ್ನು, ಕಣ್ಣಾರೆ ನೋಡುವ ಹಕ್ಕಿಲ್ಲವೆ? ಪಕ್ಕಕ್ಕೆ ಬಂದ ಯಾವುದೋ ಕೈಗೆ ಸೌಟು ತುರುಕಿ, ಲುಂಗಿಯಂಥ ಸರೋಂಗನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಜಗಲಿಗೆ ಓಡಿದ. ಜಲೀಲನೂ ಹಚ್ಚೆಯವನೂ ಹಿಂದೆ ಓಡಿದರು.

“ಎಲ್ಲರೂ ನೋಡಿ. ವಾಕ್, ಕನ್ನಡಕ ಹಾಕ್ಕೊಳ್ಳಿ. ಇದೇ ನಾಲ್ಕನೇದು.”

ಎಲ್ಲರೂ ನೋಡಿದರು. ವಾಕ್ ಕನ್ನಡಕ ಹಾಕಿಕೊಂಡರು. ಎದುರಾಳಿಗಳ ಒಬ್ಬ ಪೀಚಲು ಆಟಗಾರ, ದಿಕ್ಕುತೋಚದೆ, ಮೈದಾನದ ಮಧ್ಯದಿಂದಲೇ ಚೆಂಡನ್ನು ಮೇಲಕ್ಕೆ ಒದ್ದ. ಅದು ನಿಧಾನವಾಗಿ ಬಂತು. ಟೋಡಕ್‌ನ ಹೊಸ ಗೋಲ್‌ಕೀಪರ್ ಎರಡು ಕೈ ಚಾಚಿದ. ಚೆಂಡು ಅವನ ಕಂಕುಳಲ್ಲಿ ನುಸುಳಿ, ಬಲೆಯೊಳಗೆ ಹೋಗಿ, ಬೆಕ್ಕಿನಂತೆ ಸುರುಳಿ ಸುತ್ತಿ ಮಲಗಿತು.

ವಾಕ್ ಪಾಯ್ಮಾನ್ ನಿಧಾನವಾಗಿ ಮಿಸ್ರಾನನ ಕಡೆ ತಿರುಗಿದರು. “ನಂಬಿಕೆ ಅಂದ್ರೆ ಇದಪ್ಪ. ಅವರ ಗೋಲನ್ನೂ ನೀನೇ ತರಿಸಿಕೊಟ್ಟೆ.”

ಆಗ ಮಿಸ್ರಾನನಿಗೆ ಕೊಪ್ಪರಿಗೆ ನೆನಪಾಯಿತು. ಓಡಿ ಬಂದ. ಅಲ್ಲಿ ಕಮ್ಸಿಯಾ ಎರಡು ಕೈಯಲ್ಲಿ ಎರಡು ಸೌಟು ಹಿಡಿದು, ಬೆವರು ಒರೆಸಿಕೊಳ್ಳಲೂ ನಿಲ್ಲದೆ, ಒಬ್ಬಳೇ ಕೆದಕುತ್ತಿದ್ದಳು. ಅವನು ಸೌಟು ತುರುಕಿದ್ದು ಅವಳ ಕೈಗೇ.

“ತಳ?” ಎಂದ.

“ಹಿಡಿದಿಲ್ಲ.” ಒಂದು ಚೂರನ್ನು ಬಾಳೆ ಎಲೆಯ ಮೇಲೆ ಹಾಕಿ ಕೊಟ್ಟಳು. ಅವನು ಮೂಸಿದ, ತಿಂದ. ಹಾಜಾ ರುಬಿಯಾ ಎರಡನೆಯ ತುಂಡು ಕೇಳುವಂತಿತ್ತು. (ಮರುದಿನ ಕೇಳಿದರು. ಮೂರನೆಯದನ್ನೂ.)

“ನಾಲ್ಕು ಅಂದ್ರಿ, ನಾಲ್ಕಾಯ್ತು,” ಎಂದಳು ಕಮ್ಸಿಯಾ. “ಒಂದು ಕಡೆಗೇ ನಾಲ್ಕೂ ಬೀಳಬೇಕಿತ್ತು, ಅಷ್ಟೇ. ಬೂನ್ ಟೆಕ್ ಅಂಕಲ್‌ಗೆ ಒಂದು ದೊಡ್ಡ ಪೊಟ್ಟಣ ಕಟ್ಟಿಡ್ತೀನಿ. ನಿಮ್ಮ ನಂಬಿಕೆಗೆಲ್ಲ ಅವರೇ ಅಲ್ವಾ ಗಂಟಲು ಕೊಟ್ಟಿದ್ದು.”

ಜಲೀಲ್ ಸೌಟನ್ನೂ ಬೇಲಿಯನ್ನೂ ನೋಡಿದ. ಅವನ ಭಕ್ತಿ ಅಲ್ಲಿಗೆ ಆವಿಯಾಯಿತು.

ದೋದೋಲ್ ಇಳಿಸಿ, ಎಲ್ಲರೂ ಚಹಾ ಹಿಡಿದು ಕೂತಾಗ ಕಮ್ಸಿಯಾ ಬಹಳ ಮೃದುವಾಗಿ ಕೇಳಿದಳು: “ಮುಂದಿನ ಶನಿವಾರವೂ ಆಟ ಇದೆಯಂತಲ್ಲ. ಈ ಸಲ ಎಷ್ಟು?”

ಜಗಲಿಯೆಲ್ಲ ಅವನನ್ನೇ ನೋಡಿತು. ಗೋಲ್‌ಕೀಪರ್ ಎಂಥವನೆಂದು ಅವನೇ ಕಣ್ಣಾರೆ ಕಂಡಿದ್ದ. ಕಷ್ಟ ಇದೆ ಎಂದರೆ ಸಾಕು, ಕುರ್ಚಿ ಖಾಯಂ. ಮಿಸ್ರಾನ್ ಬಾಯಿ ತೆರೆದ. ಮೇಲೆ ನೀಲಿ ಬಾವುಟ ಸಂಜೆಗಾಳಿಗೆ ಒಮ್ಮೆ ಪಟಪಟ ಎಂದಿತು.

“ಐದು-ಸೊನ್ನೆ.”

“ಒಳ್ಳೇದಾಯ್ತು,” ಎಂದಳು ಕಮ್ಸಿಯಾ. “ಮುಂದಿನ ಶನಿವಾರ ವಾಕ್ ಮೊಮ್ಮಗಳ ನಿಶ್ಚಿತಾರ್ಥಕ್ಕೂ ದೋದೋಲ್ ಕಾಯಿಸ್ತಾರಂತೆ. ಧೈರ್ಯ ಇರೋರು ಒಬ್ಬರಾದ್ರೂ ಬೇಕಿತ್ತು. ನಾನು ನಿಮ್ಮ ಹೆಸರು ಬೆಳಿಗ್ಗೇನೇ ಕೊಟ್ಟಾಗಿದೆ.”