ಒಂದೇ ಹೆಬ್ಬೆಟ್ಟಿನ ಕೋಣೆ

ಆ ದಿನ ಕೂಲಿಯವರು ಬಂದಿದ್ದರೆ ಗೋಪಿನಾಥನ ಹೆಬ್ಬೆಟ್ಟಿಗೆ ಏನೂ ಆಗುತ್ತಿರಲಿಲ್ಲ. ಅವರು ಬರಲಿಲ್ಲ. ಕ್ಯಾಸಂಬಳ್ಳಿಯಲ್ಲಿ ಅಂದು ಎರಡು ಮದುವೆ. ಮಾರ್ಕೆಟ್ಟಿನ ಟೆಂಪೊ ಏಳಕ್ಕೆಲ್ಲ ಬಂದುಬಿಡುತ್ತದೆ, ತೋಟದಲ್ಲಿ ಟೊಮೇಟೊ ಕೆಂಪಗೆ ಕಾದು ಕೂತಿದೆ. ತಾಯಿ ಅಶ್ವತ್ಥಮ್ಮ ಐದು ಗಂಟೆಗೇ ಮಗನ ಹೊದಿಕೆ ಎಳೆದರು.

“ಇವತ್ತು ಆಪೀಸ್ನಾಗೆ ದೊಡ್ಡ ಕೆಲ್ಸ ಐತಮ್ಮ,” ಎಂದ ಗೋಪಿನಾಥ್.

“ಇಪ್ಪತ್ತು ಬಾಕ್ಸ್ ಕಿತ್ಕೊಟ್ಟು ಓಗ್ಲಾ. ನಿನ್ ಕಂಪ್ಯೂಟ್ರೇನು ಕೊಳ್ತೋಗಲ್ಲ.”

ಕಿತ್ತುಕೊಟ್ಟ. ಟೊಮೇಟೊ ಕಿತ್ತವರಿಗೆ ಗೊತ್ತು, ಗಿಡದ ಅಂಟು ಬೆರಳಿಗೆ ಹತ್ತಿ ಹಸಿರುಗಪ್ಪಾಗಿ ಕೂತರೆ ಸೋಪಿಗೆ ಜಗ್ಗುವುದಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಸೋಪು ಸವರಿ ಓಡಿದ.

ಗೋಪಿನಾಥ್ ರಾಬರ್ಟ್‌ಸನ್‌ಪೇಟೆಯ ಒಂದು ವಿದ್ಯಾಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಆರು ವರ್ಷದಿಂದ ತಾತ್ಕಾಲಿಕ. ಸಂಸ್ಥೆಗೆ ಬಂಗಾರಪೇಟೆ, ಉರಿಗಾಂ ಎಲ್ಲ ಸೇರಿ ನಾಲ್ಕು ಶಾಲೆಗಳು. ಮಕ್ಕಳ ಅರ್ಜಿ, ಹಾಜರಿ, ಅಂಕಗಳೆಲ್ಲ ಎಲ್ಲೋ ದೂರದ ಕಂಪನಿಯೊಂದರ ಬಾಡಿಗೆ ಯಂತ್ರಗಳಲ್ಲಿ ಇದ್ದವು. ಅದನ್ನು ಬಿಟ್ಟು ಸ್ವಂತದ್ದೇ ಪ್ರೈವೇಟ್ ಕ್ಲೌಡ್ ಕಟ್ಟೋಣ ಎಂದು ಯೋಜನೆ ಬರೆದವನು ಇವನೇ. ನಮ್ಮದೇ ಕೋಣೆ, ನಮ್ಮದೇ ಮೂರು ಸರ್ವರ್. ಒಂದು ಕೆಟ್ಟರೆ ಉಳಿದೆರಡು ಹೊರೆ ಹೊರಬೇಕು. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಸೋತರೆ ಜನರೇಟರ್. ಯಾವುದು ಕೈಕೊಟ್ಟರೂ ಅದರ ಜಾಗಕ್ಕೆ ಇನ್ನೊಂದು ಬರುವಂತೆ ಎಂಟು ತಿಂಗಳು ಕೂತು ಬರೆದಿದ್ದ. ಬದಲಿ ಇಲ್ಲದ್ದು ಒಂದೇ, ಕೋಣೆಯ ಬಾಗಿಲು ತೆಗೆಯುವ ಅವನ ಬಲಗೈ ಹೆಬ್ಬೆಟ್ಟು.

ಆಫೀಸ್ ಸೂಪರಿಂಟೆಂಡೆಂಟ್ ಶ್ಯಾಮಲಾ ಮೊದಲೇ ಕೇಳಿದ್ದರು, ಇನ್ನೊಬ್ಬರ ಬೆರಳನ್ನೂ ಸೇರಿಸಬಾರದೇ ಎಂದು. ಗೋಪಿನಾಥ್ ಅವರಿಗೆ ಭದ್ರತೆಯ ಮೇಲೆ ಅರ್ಧ ಗಂಟೆ ಪಾಠ ಮಾಡಿದ್ದ. ತುರ್ತಿಗೆಂದು ಬೀಗದ ಕೈ ಒಂದಿತ್ತು. ಅದನ್ನು ಯಾರ ಕೈಗೂ ಸಿಗಬಾರದೆಂದು ಆ ಕೋಣೆಯ ಒಳಗಿನ ಬೀರುವಿನಲ್ಲೇ ಇಟ್ಟಿದ್ದ.

ಇಂದು ಹನ್ನೆರಡು ಗಂಟೆಗೆ ಹೊಸ ವರ್ಷದ ಪ್ರವೇಶದ ಅರ್ಜಿಗಳು ಹೊಸ ಸರ್ವರ್‌ಗಳಲ್ಲಿ ತೆರೆಯಬೇಕು. ಬಾಡಿಗೆಯ ಕಂಪನಿಯ ಕರಾರು ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ಮೊದಲು ಯಾರಾದರೂ ಒಳಹೊಕ್ಕು ಹೊರಗಿನ ಲೈನಿನ ಕೇಬಲ್ ಸಿಕ್ಕಿಸಬೇಕು. ಎಲ್ಲ ಸರಿಯಾದರೆ ಸಂಸ್ಥೆಯ ಕಾರ್ಯದರ್ಶಿ ಅರುಣಕುಮಾರಿಯವರೇ ಬಂದು ಗೋಪಿನಾಥನ ಕೈಗೆ ಖಾಯಂ ಆದೇಶ ಕೊಡುವುದೆಂದು ಗೊತ್ತಾಗಿತ್ತು.

ಹತ್ತು ಗಂಟೆಗೆ ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ ಬಂತು. ಮತ್ತೆ ಒತ್ತಿದ. ಮತ್ತೆ ಕೆಂಪು.

ಸುದ್ದಿ ಹರಡಲು ಐದು ನಿಮಿಷ ಸಾಕಾಯಿತು. ಶ್ಯಾಮಲಾ ಸ್ಯಾನಿಟೈಸರ್ ತಂದು ಸುರಿದರು. ಬೆರಳಿನ ಕಪ್ಪು ಅಂಗೈಗೂ ಇಳಿಯಿತು. ಅಟೆಂಡರ್ ಕದಿರಪ್ಪ ಇವರೆಲ್ಲರನ್ನೂ ಪಕ್ಕಕ್ಕೆ ಸರಿಸಿ, ಹಿತ್ತಲಿನಿಂದ ಇಟ್ಟಿಗೆ ಪುಡಿ ತಂದು, ಹಿತ್ತಾಳೆ ಬಿಂದಿಗೆ ತಿಕ್ಕುವಂತೆ ಹೆಬ್ಬೆಟ್ಟನ್ನು ತಿಕ್ಕಿದ. ಕಪ್ಪು ಪೂರ್ತಿ ಹೋಯಿತು. ಜೊತೆಗೆ ಗೆರೆಗಳೂ ಹೋದವು.

“ಟೊಮೇಟೊ ಕರೆಗೆ ಟೊಮೇಟೊ ರಸಾನೇ ಅಚ್ಬೇಕಿತ್ತು,” ಎಂದ ಕದಿರಪ್ಪ, ಎಲ್ಲ ಮುಗಿದ ಮೇಲೆ.

ಗೋಪಿನಾಥನಿಗೆ ಅಳು ಬರುವಂತಾಯಿತು. ಬಾಗಿಲು ಕೂರಿಸಿದ್ದ ಚಿರಂಜೀವಿಗೆ ಫೋನ್ ಮಾಡಿದ. ಅವನು ಕುಪ್ಪಂನಲ್ಲಿ ಯಾರದೋ ನಾಮಕರಣದ ಊಟಕ್ಕೆ ಕೂತಿದ್ದ. ತುರ್ತು ಬೀಗದ ಕೈ ಹಾಕಿ ಸಾರ್, ಅಷ್ಟೇ, ಎಂದ. ಅದು ಎಲ್ಲಿದೆಯೆಂದು ಗೋಪಿನಾಥ್ ಹೇಳಿದ. ಚಿರಂಜೀವಿ ಒಳ್ಳೆಯದಾಗಲಿ ಎಂದು ಹಾರೈಸಿ ಫೋನ್ ಇಟ್ಟುಬಿಟ್ಟ.

ಹೆಬ್ಬೆಟ್ಟಿಗೆ ಎಣ್ಣೆ ಸವರಿದರು, ಬಿಸಿನೀರಲ್ಲಿ ಅದ್ದಿದರು, ಶ್ಯಾಮಲಾ ತಮ್ಮ ವ್ಯಾಸಲೀನ್ ಕೊಟ್ಟರು. ಕದಿರಪ್ಪ ಹಾರೆ ತಂದ. ಹಾರೆಗೂ ಬಗ್ಗದ ಬಾಗಿಲೇ ಬೇಕೆಂದು ಯೋಜನೆಯ ಒಂಬತ್ತನೇ ಪುಟದಲ್ಲಿ ಬರೆದವನು ಗೋಪಿನಾಥನೇ. ಬಾಗಿಲು ಬರೆದಂತೆಯೇ ನಡೆದುಕೊಂಡಿತು. ಅಷ್ಟರಲ್ಲಿ ಅರುಣಕುಮಾರಿಯವರ ಕಾರು ಬಂಗಾರಪೇಟೆ ದಾಟಿತೆಂದು ಡ್ರೈವರ್ ಫೋನ್ ಮಾಡಿದ. ಗಂಟೆ ಹನ್ನೊಂದೂ ಮುಕ್ಕಾಲು.

ಆಗ ಉರಿಗಾಂ ಶಾಲೆಯ ಕಸ ಮುಗಿಸಿಕೊಂಡು ವೆಂಕಟರತ್ನಮ್ಮ ಬಂದರು. ಎರಡೂ ಕಡೆ ಗುಡಿಸಿ ಒರೆಸುವವರು ಅವರೇ. ಜನ ನೋಡಿ, ಏನೆಂದು ಕೇಳಿ, ಸೆರಗಿಗೆ ಕೈ ಒರೆಸಿ, ಹೆಬ್ಬೆಟ್ಟು ಒತ್ತಿದರು. ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು.

ಎಲ್ಲರೂ ಬಾಗಿಲನ್ನು ಬಿಟ್ಟು ಅವರನ್ನೇ ನೋಡಿದರು.

“ಅದ್ಯಾಕಂಗೆ ನೋಡ್ತೀರಾ? ದಿನಾ ಮುಂಜಾನೆ ತೆಗ್ದು ಗುಡಿಸೋಳು ನಾನೇ ಅಲ್ವಾ?” ಎಂದರು ವೆಂಕಟರತ್ನಮ್ಮ. ಬಾಗಿಲು ಕೂರಿಸಿದ ದಿನ ಗೋಪಿನಾಥ್ ಟೀ ಕುಡಿಯಲು ಹೋಗಿದ್ದಾಗ, ಪರೀಕ್ಷೆಗೆಂದು ಆ ಹುಡುಗ ಚಿರಂಜೀವಿ ಇವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನಂತೆ. ಅಳಿಸಲು ಮರೆತಿದ್ದ. ಮೂರು ತಿಂಗಳಿಂದ ಕೋಣೆಯ ನೆಲ ಥಳಥಳ ಹೊಳೆಯುವುದನ್ನು ಕಂಡು ಗೋಪಿನಾಥ್, ಎಸಿ ಗಾಳಿಗೆ ಧೂಳು ನಿಲ್ಲುವುದಿಲ್ಲ ಎಂದು ತಿಳಿದಿದ್ದ.

ತಿಳಿದದ್ದನ್ನು ಯೋಚಿಸಲು ಹೊತ್ತಿರಲಿಲ್ಲ. ಒಳಗೆ ನುಗ್ಗಿ ಕೇಬಲ್ ಸಿಕ್ಕಿಸಿದ. ಹನ್ನೆರಡಕ್ಕೆ ಸರಿಯಾಗಿ ಅರ್ಜಿಗಳು ತೆರೆದವು. ನಾಲ್ಕೂ ಶಾಲೆಗಳಿಂದ ಒಂದೊಂದಾಗಿ ಹೆಸರುಗಳು ಬಂದು ಬೀಳತೊಡಗಿದವು. ಗೋಪಿನಾಥನಿಗೆ ಹೋದ ಜೀವ ಬಂದಂತಾಯಿತು.

ಅರುಣಕುಮಾರಿ ಬಂದರು, ನೋಡಿದರು, ಮೆಚ್ಚಿದರು. ಚೀಲದಿಂದ ಆದೇಶದ ಜೊತೆಗೆ ಇನ್ನೊಂದು ಹಾಳೆ ತೆಗೆದರು.

“ಬಾಗಿಲು ಯಾರು ಎಷ್ಟೊತ್ತಿಗೆ ತೆಗೆದ್ರು ಅನ್ನೋ ವರದಿ ನೇರವಾಗಿ ನನಗೇ ಬರಬೇಕು ಅಂತ ನೀವೇ ಬರೆದಿದ್ರಲ್ಲ. ದಿನಾ ನೋಡ್ತೀನಿ. ಮೂರು ತಿಂಗಳಿಂದ ನೀವು ಬೆಳಿಗ್ಗೆ ಐದೂವರೆಗೆಲ್ಲ ಈ ಕೋಣೆಯಲ್ಲಿ ಇರ್ತೀರ. ಇವತ್ತೂ ಅಷ್ಟೇ. ಕಮಿಟಿಯವರು ಒಪ್ಪಿದ್ದೇ ಇದನ್ನ ನೋಡಿ.”

ಇಂದು ಐದೂವರೆಗೆ ಗೋಪಿನಾಥ್ ಮೂರನೆಯ ಬಾಕ್ಸ್ ತುಂಬುತ್ತಿದ್ದ. ಬಾಗಿಲಿಗೆ ಗೊತ್ತಿದ್ದದ್ದು ಒಂದೇ ಹೆಸರು. ಚಿರಂಜೀವಿ ಆ ಎರಡನೆಯ ಹೆಬ್ಬೆಟ್ಟನ್ನೂ ಅದೇ ಹೆಸರಿಗೆ ಸೇರಿಸಿದ್ದ. ನಿಜ ಹೇಳಿದರೆ ಕೋಣೆಯ ಭದ್ರತೆಯ ಮಾನವೂ ಹೋಗುತ್ತದೆ, ಆದೇಶವೂ ಹೋಗುತ್ತದೆ. ಗೋಪಿನಾಥ್ ಆದೇಶಕ್ಕೆ ಕೈ ಚಾಚಿದ. ಶ್ಯಾಮಲಾ ಗೋಡೆ ನೋಡಿದರು. ಕದಿರಪ್ಪ ಹಾರೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ದುಡಿದು ದುಡಿದು ಹೆಬ್ಬೆಟ್ಟೇ ಸವೆದುಹೋಗಿದೆ, ಪಾಪ,” ಎಂದು ಅರುಣಕುಮಾರಿ ಆದೇಶ ಕೈಗಿಟ್ಟರು. ಇಷ್ಟು ನಿಷ್ಠೆ ಕಾಗದದ ಮೇಲೂ ಇರಲೆಂದು ಕೆಲಸದ ವೇಳೆಯನ್ನು ತಾವೇ ಬರೆಸಿದ್ದರು: ಬೆಳಿಗ್ಗೆ ಐದೂವರೆಯಿಂದ. ಕ್ಯಾಸಂಬಳ್ಳಿಯಿಂದ ಮೊದಲ ಬಸ್ಸು ಹೊರಡುವುದು ಆರೂವರೆಗೆ. ಗೋಪಿನಾಥ್ ಕೈಮುಗಿದು, ಆಗಲಿ ಮೇಡಂ, ಎಂದ.

ಕಾರು ಹೋದ ಮೇಲೆ ವೆಂಕಟರತ್ನಮ್ಮ ನೆಮ್ಮದಿಯಿಂದ ಮೆಟ್ಟಿಲ ಮೇಲೆ ಕೂತರು.

“ಒಳ್ಳೇದಾಯ್ತು ಬಿಡಪ್ಪ. ಐದೂವರೆಗೆ ನೀನೇ ಬತ್ತೀಯಾ ಅಂದ್ರೆ ನಾನು ಎಂಟಕ್ಕೆ ಬತ್ತೀನಿ. ಪೊರಕೆ ಮೆಟ್ಲ ಕೆಳಗೈತೆ. ಒದ್ದೆ ಬಟ್ಟೆ ಮಾತ್ರ ಆ ಪೆಟ್ಟಿಗೆಗಳ ಅತ್ರ ತರ್ಬೇಡ, ಅವಕ್ಕೆ ಆಗಲ್ಲ.”