ಒಟ್ಟೋ ಉಂಡ ಮನೆ

‘ಆಗೋದಿಲ್ಲ’ ಅನ್ನುವ ಮಾತು ಉಳವಪ್ಪನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಹಾಗಾಗಿ ಆ ಶನಿವಾರ ಬೆಳಿಗ್ಗೆ ಅವನ ಬಾಡಿಗೆ ಮನೆಯ ಒಡತಿ, ಮೇಲಿನ ಮಹಡಿಯ ಫ್ರಾವ್ ಹೆಂಪೆಲ್ ಬಂದು, “ಲೈಪ್ಸಿಗ್‌ಗೆ ಹೋಗಿ ಸಂಜೆ ಬರುತ್ತೇನೆ. ಒಟ್ಟೋಗೆ ಮೈ ಸರಿಯಿಲ್ಲ, ನೋಡಿಕೊಳ್ಳುತ್ತೀರಾ?” ಎಂದಾಗ ತಲೆಯಾಡಿಸಿಬಿಟ್ಟ.

ಒಟ್ಟೋ ಅವರ ಸಾಕು ಫೆರೆಟ್. ಮುಂಗುಸಿಯನ್ನು ಯಾರೋ ಎರಡೂ ಕಡೆ ಹಿಡಿದು ಎಳೆದಂತಿರುವ ಪ್ರಾಣಿ. ಡ್ರೆಸ್ಡೆನ್ನಿನಲ್ಲಿ ಬಾಡಿಗೆ ಮನೆಗಾಗಿ ಉಳವಪ್ಪ ಚಪ್ಪಲಿ ಸವೆಸಿದ್ದ. ಈ ಪ್ರಾಣಿಯೇನಾದರೂ ತನ್ನ ಕೈಯಲ್ಲಿ ಸತ್ತರೆ ತಾನು ಬೀದಿಪಾಲು ಎಂಬುದು ಅವನಿಗೆ ಹೊಳೆದದ್ದು ಒಡತಿ ಹೋದ ಮೇಲೆ.

ಮಧ್ಯಾಹ್ನಕ್ಕೆ ಒಟ್ಟೋ ಹಿಂಗಾಲು ಎಳೆಯತೊಡಗಿತು. ತಟ್ಟೆ ಮೂಸದೆ, ಹಿಂಡಿ ಎಸೆದ ಕಾಲುಚೀಲದಂತೆ ಬಿದ್ದುಕೊಂಡಿತು.

ಊರಿನಿಂದ ಬಂದಿದ್ದ ತಾಯಿ ಬಸಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. “ಇದಕ್ಕ ಕಣ್ಣ ಹತ್ತೈತಿ. ಉಪ್ಪು ಮೆಣಸಿನಕಾಯಿ ತಾ.”

“ಯವ್ವಾ, ಇದು ಜರ್ಮನಿ.”

“ಯಾಕ, ಜರ್ಮನಿ ಮಂದಿಗೆ ಕಣ್ಣಿಲ್ಲೇನಲೇ?”

ಮೆಣಸಿನಕಾಯಿ ಬಾಣಲೆಗೆ ಬಿತ್ತು. ಹೊಗೆಯ ಅಲಾರಂ ಚೀರಿತು. ಇಡೀ ಕಟ್ಟಡ ಕೆಮ್ಮುತ್ತ ಅಂಗಳಕ್ಕಿಳಿಯಿತು.

ಎದುರು ಮನೆಯ ಮೈಸೂರಿನ ಸ್ವರೂಪ್ ಫೋನ್ ಹಿಡಿದು ಓಡಿ ಬಂದ. “ಗುರು, ಫೆರೆಟ್‌ಗೆ ಮನುಷ್ಯರ ಫ್ಲೂ ಬರುತ್ತಂತೆ! ಹೋದ ವಾರ ನೀನೇ ಅಲ್ವಾ ಸೀನ್ತಿದ್ದಿದ್ದು?”

ಕೊಲೆಗಾರನ ಮುಖ ಹೊತ್ತು ಉಳವಪ್ಪ ಒಟ್ಟೋನನ್ನು ಎತ್ತಿಕೊಂಡು ಪಶುವೈದ್ಯೆಯ ಬಳಿ ಓಡಿದ.

“ಫ್ಲೂ ಅಲ್ಲ,” ಎಂದರು ಆಕೆ. “ಸ್ನಾಯುಗಳು ಬಾತುಕೊಳ್ಳುವ ಅಪರೂಪದ ಕಾಯಿಲೆ ಇರಬೇಕು. ಯಾಕೆ ಬರುತ್ತದೋ ನಮಗೂ ಸರಿಯಾಗಿ ಗೊತ್ತಿಲ್ಲ. ಇಂಜೆಕ್ಷನ್ ಕೊಟ್ಟಿದ್ದೇನೆ. ತಿಂದರೆ ಬದುಕೀತು. ಕೋಳಿ ಸಾರು ಕೊಟ್ಟು ನೋಡಿ.”

ಕೋಳಿ! ಮೊಟ್ಟೆಯನ್ನೂ ಒಳಗೆ ಬಿಡದ ಲಿಂಗವಂತರ ಅಡುಗೆಮನೆಗೆ ಸ್ವರೂಪನ ಫ್ರಿಜ್ಜಿನಿಂದ ಕೋಳಿ ಬಂತು. ಬಸಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು, “ಶಿವನೇ, ಒಂದೀಟ ಆ ಕಡೆ ತಿರುಗು,” ಎಂದು ಕುದಿಸಿದಳು. ಉಳವಪ್ಪ ತಾನೂ ಆ ಕಡೆ ತಿರುಗಿ, ಸಾರಿನಲ್ಲಿ ಬೆರಳದ್ದಿ ನೆಕ್ಕಿಸಿದ. ಒಟ್ಟೋ ನೆಕ್ಕಿತು. ಮತ್ತೆ ನೆಕ್ಕಿತು. ಆಮೇಲೆ ತಾನೇ ಬಟ್ಟಲಿಗೆ ಮೂತಿ ಇಟ್ಟಿತು.

ಸಂಜೆ ಬಂದ ಫ್ರಾವ್ ಹೆಂಪೆಲ್ ಅತ್ತೇಬಿಟ್ಟರು. “ನನ್ನ ಮನೆಯಲ್ಲಿ ಇವನು ತಾನಾಗಿ ತಿಂದು ವಾರಗಳೇ ಆಗಿದ್ದವು!” ಎಂದು ವೈದ್ಯೆಗೆ ಫೋನ್ ಮಾಡಿ, ಹೂಂಗುಟ್ಟಿ, ಉಳವಪ್ಪನ ಕೈ ಹಿಡಿದುಕೊಂಡರು. ಜೀವ ಉಳಿಯಿತು, ಮನೆಯೂ ಉಳಿಯಿತು ಎಂದು ಉಳವಪ್ಪ ಉಸಿರು ಬಿಟ್ಟ.

ಅವರು ಕಣ್ಣೊರೆಸಿಕೊಂಡು ಕಿಟಕಿ, ಕೋಣೆ, ಅಡುಗೆಮನೆಗಳತ್ತ ನೋಡಿದರು.

“ಐಗನ್‌ಬೆಡಾರ್ಫ್,” ಎಂದರು ಮೆಲ್ಲಗೆ. ಸ್ವಂತಕ್ಕೆ ಬೇಕಾದರೆ ಒಡೆಯರು ಬಾಡಿಗೆದಾರರನ್ನು ಬಿಡಿಸಬಹುದಾದ ಕಾನೂನಿನ ಮಾತದು. “ಎಲ್ಲಿ ತಿನ್ನುತ್ತಾನೋ ಅಲ್ಲಿಂದ ಕದಲಿಸಬೇಡಿ ಅಂತಾರೆ ಡಾಕ್ಟರ್. ಅವನನ್ನು ಬಿಟ್ಟು ನಾನು ಹೇಗಿರಲಿ? ನಾನೇ ಇಲ್ಲಿಗೆ ಬಂದುಬಿಡುತ್ತೇನೆ. ನೀವು ಬೇರೆ ಕಡೆ ನೋಡಿಕೊಳ್ಳಿ.”

“ಏನಂದಳೋ?” ಬಸಕ್ಕ ಕೇಳಿದಳು.

“ಅಡಗಿ ಭಾಳ ಛೊಲೋ ಆಗಿತ್ತಂತ, ಯವ್ವಾ,” ಎಂದ ಉಳವಪ್ಪ.